ಸಂಬಂಧಿಕರ ಸಾಲಕ್ಕೆ ಜಾಮೀನು ಹಾಕಬಹುದಾ?

ನಿಮ್ಮ ಭಾವಮೈದ ಅಂಗಡಿ ಹಾಕಲು 5 ಲಕ್ಷ ಸಾಲ ತೆಗೆಯುತ್ತಿದ್ದಾರೆ, ಜಾಮೀನಿಗೆ ಸಹಿ ಕೇಳಿದ್ದಾರೆ, ಆಗಲ್ಲ ಅಂದರೆ ಮನೆಯಲ್ಲಿ ಮಾತು ಬರುತ್ತೆ ಅಂತ ಬರೆದಿದ್ದೀರಿ. ನನ್ನ ಹತ್ತಿರವೂ ಎರಡು ಸಲ ಹೀಗೇ ಕೇಳಿದ್ದರು.

ಮೊದಲು ಕೇಳಿದ್ದು ಗೆಳೆಯ. ನಾನು ಪಾಠ ಮಾಡುವ ಶಾಲೆಯ ಗೇಟಿನ ಹತ್ತಿರ, ಬೈಕ್ ಸೀಟಿನ ಮೇಲೆ ಸಹಕಾರಿ ಸೊಸೈಟಿಯ ಸಾಲದ ಫಾರಂ ಇಟ್ಟ. "ಸುಮ್ನೆ ಫಾರ್ಮಾಲಿಟಿ ಕಣೋ, ಎರಡು ಸಹಿ ಬೇಕಂತೆ" ಅಂದ. ಅವನ ಪೆನ್ನಿನಲ್ಲೇ ಹಾಕಿದೆ. ಕಂತು ಎಷ್ಟು ಅಂತಲೂ ಕೇಳಲಿಲ್ಲ. ಒಂದು ವರ್ಷ ಕಟ್ಟಿ ನಿಲ್ಲಿಸಿಬಿಟ್ಟ. ಇನ್ನೊಬ್ಬ ಜಾಮೀನುದಾರರು ಅಷ್ಟರಲ್ಲಿ ರಿಟೈರ್ ಆಗಿದ್ದರು. ನನ್ನ ಸಂಬಳದಲ್ಲಿ ತಿಂಗಳಿಗೆ 4,500 ರೂಪಾಯಿಯಂತೆ 26 ತಿಂಗಳು ಹಿಡಿದರು. ಮಗಳ ಫೀಸಿಗೆ ಹೆಂಡತಿಯ ಬಳೆ ಅಡವಿಟ್ಟೆವು.

ಬ್ಯಾಂಕಿನವರು ಮೊದಲು ಸಾಲಗಾರನನ್ನು ಹಿಡಿಯುತ್ತಾರೆ, ನಮ್ಮ ತನಕ ಬರುವುದಿಲ್ಲ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ನೋಡಿ. ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ಅಸಲು, ಬಡ್ಡಿ ಎಲ್ಲ ಸೇರಿ. ನೋಟಿಸ್ ನೇರವಾಗಿ ನಿಮ್ಮ ಮನೆಗೇ ಬರಬಹುದು, ನಿಮ್ಮ ಸಿಬಿಲ್ ಸ್ಕೋರೂ (ಸಾಲ ಕೊಡುವ ಮುಂಚೆ ಬ್ಯಾಂಕಿನವರು ನೋಡುವ ಅಂಕ) ಇಳಿಯಬಹುದು. ಕಟ್ಟಿದ ದುಡ್ಡನ್ನು ಅವನಿಂದ ವಸೂಲಿ ಮಾಡುವ ಹಕ್ಕು ನಿಮಗಿದೆ, ನಿಜ. ಆದರೆ ಕೈಯಲ್ಲಿ ಕಾಸಿಲ್ಲದವನ ಹತ್ತಿರ ಏನು ವಸೂಲಿ ಮಾಡುತ್ತೀರಿ?

ಎರಡನೇ ಸಲ ಕೇಳಿದ್ದು ತಂಗಿ ಗಂಡ. ಒಂದು ರಾತ್ರಿ ಟೈಮ್ ಕೇಳಿದೆ. ಹೆಂಡತಿ ಜೊತೆ ಕೂತು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬಾಡಿಗೆ, ಫೀಸು, ಅಮ್ಮನ ಮಾತ್ರೆ ಎಲ್ಲ ಬರೆದೆ. ಉಳಿದದ್ದು 3,000. ಅವರ ಕಂತು 11,000. ಬೆಳಗ್ಗೆ ಅವರ ಮನೆಗೇ ಹೋದೆ. "ಕಂತು ನಿಂತರೆ ಕಟ್ಟುವ ಶಕ್ತಿ ನನಗಿಲ್ಲ ಭಾವ, ಸಹಿ ಹಾಕಲ್ಲ. ನಲವತ್ತು ಸಾವಿರ ತಂದಿದ್ದೀನಿ, ಇದನ್ನ ವಾಪಸ್ ಕೊಡೋದು ಬೇಡ" ಅಂದೆ. ಎರಡು ತಿಂಗಳು ಮಾತು ಬಿಟ್ಟಿದ್ದರು. ಗೌರಿ ಹಬ್ಬಕ್ಕೆ ತಂಗಿ ಜೊತೆ ಅವರೇ ಬಂದರು.

ನೀವೂ ಕಂತು ಎಷ್ಟು, ಎಷ್ಟು ವರ್ಷ ಅಂತ ಕೇಳಿ. ಅದು ನಿಮ್ಮ ಕೈಯಿಂದಲೇ ಹೋದರೂ ಮನೆ ನಡೆಯುತ್ತೆ ಅನ್ನುವುದಾದರೆ ಸಹಿ ಹಾಕಿ. ಇಲ್ಲ ಅಂದರೆ ಬೇಗ ಹೇಳಿಬಿಡಿ, ಫೋನಿನಲ್ಲಲ್ಲ, ಎದುರಿಗೆ ಕೂತು. ತಡ ಮಾಡಿದಷ್ಟೂ ಅವರು ನಿಮ್ಮನ್ನೇ ನಂಬಿಕೊಂಡು, ಬೇರೆ ಯಾರನ್ನೂ ಕೇಳದೆ ಕೂತಿರುತ್ತಾರೆ.