ಎಲ್ಲರೂ ಬಿದ್ದ ಮೇಲೆ ಗೆದ್ದ ಸ್ಟೀವನ್ ಬ್ರಾಡ್‌ಬರಿ: ಅದು ಬರೀ ಅದೃಷ್ಟವೇ?

ನೀವು ಕೇಳಿರುವುದು ಇದು: "ಐಸ್ ಮೇಲಿನ ಸ್ಕೇಟಿಂಗ್ ರೇಸ್‌ನಲ್ಲಿ ಮುಂದಿದ್ದ ನಾಲ್ಕೂ ಜನ ಬಿದ್ದು, ಕೊನೆಯಲ್ಲಿದ್ದ ಆಸ್ಟ್ರೇಲಿಯಾದವರು ಒಲಿಂಪಿಕ್ ಚಿನ್ನ ಗೆದ್ದ ರೀಲ್ ನೋಡಿದೆ. ಇದನ್ನೂ ಗೆಲುವು ಅನ್ನಬೇಕಾ? ಅವರು ನಿಜವಾಗಿ ಒಳ್ಳೆಯ ಆಟಗಾರರಾ?"

ಎರಡಕ್ಕೂ ನನ್ನ ಉತ್ತರ ಹೌದು. ಯಾಕೆ ಅಂತ ಹೇಳಲು ಸ್ವಲ್ಪ ಜಾಸ್ತಿ ಜಾಗ ಬೇಕು.

ನಾನು ಹನ್ನೊಂದು ವರ್ಷದಿಂದ ಬ್ರಿಸ್ಬೇನ್‌ನಲ್ಲಿದ್ದೇನೆ. ಇಲ್ಲಿ ಬ್ರಾಡ್‌ಬರಿ ಅನ್ನುವುದು ಜನ ದಿನನಿತ್ಯ ಆಡುವ ಮಾತಾಗಿಬಿಟ್ಟಿದೆ. ಒಮ್ಮೆ ಒಂದು ಟೆಂಡರ್‌ನಲ್ಲಿ ಉಳಿದ ಕಂಪನಿಗಳೆಲ್ಲ ಒಂದೊಂದಾಗಿ ಹಿಂದೆ ಸರಿದು ಕೆಲಸ ನಮಗೆ ಬಂತು. ಆಗ ಆಫೀಸಿನಲ್ಲಿ ಪಕ್ಕದ ಸೀಟಿನವರು "ನಾವು ಬ್ರಾಡ್‌ಬರಿ ಮಾಡಿದೆವು" ಅಂದರು. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯಿತು ಅಂತ ನಾವು ಹೇಳುತ್ತೇವಲ್ಲ, ಹೆಚ್ಚೂಕಡಿಮೆ ಅದೇ ಧಾಟಿ. ಅವತ್ತು ರಾತ್ರಿ ಮನೆಯಲ್ಲಿ ಆ ರೇಸ್ ಹುಡುಕಿ ನೋಡಿದೆ. ಆಮೇಲೆ ಅದಕ್ಕೂ ಹಿಂದಿನ ವರ್ಷಗಳ ಬಗ್ಗೆ ಓದುತ್ತಾ ಹೋದೆ. ಓದಿದಷ್ಟೂ ಆ ಮಾತು ಅವರಿಗೆ ಅನ್ಯಾಯ ಮಾಡುತ್ತಿದೆ ಅನ್ನಿಸತೊಡಗಿತು.

ಮೊದಲು ಆಟದ ಬಗ್ಗೆ ಹೇಳಿಬಿಡುತ್ತೇನೆ. ಇದರ ಹೆಸರು ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್. ಉದ್ದ 60 ಮೀಟರ್, ಅಗಲ 30 ಮೀಟರ್ ಇರುವ ರಿಂಕ್. ಒಂದು ಸುತ್ತು 111 ಮೀಟರ್ ಚಿಲ್ಲರೆ. 1000 ಮೀಟರ್ ರೇಸ್ ಅಂದರೆ ಒಂಬತ್ತು ಸುತ್ತು. ಅವರವರ ಲೇನ್ ಅಂತ ಇರುವುದಿಲ್ಲ, ಎಲ್ಲರೂ ಒಂದೇ ದಾರಿಯಲ್ಲಿ ಒಬ್ಬರ ಬೆನ್ನಿಗೊಬ್ಬರು ಹೋಗಬೇಕು. ಎಷ್ಟು ಸೆಕೆಂಡು ತೆಗೆದುಕೊಂಡಿರಿ ಅನ್ನುವುದು ಲೆಕ್ಕಕ್ಕಿಲ್ಲ, ಗೆರೆಯನ್ನು ಯಾರು ಮೊದಲು ದಾಟಿದರು ಅನ್ನುವುದಷ್ಟೇ ಲೆಕ್ಕ. ತಿರುವೆಲ್ಲ ಎಡಕ್ಕೇ. ಗಂಟೆಗೆ 45 ಕಿಲೋಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ಮೈಯನ್ನು ಎಷ್ಟು ವಾಲಿಸುತ್ತಾರೆ ಅಂದರೆ ಎಡಗೈ ಬೆರಳು ಐಸ್ ಮುಟ್ಟುತ್ತದೆ. ಹಾಗೆ ವಾಲಿದಾಗ ಬೂಟು ನೆಲಕ್ಕೆ ತಗುಲಬಾರದು ಅಂತ ಬ್ಲೇಡನ್ನೇ ಸ್ವಲ್ಪ ಎಡಕ್ಕೆ ಸರಿಸಿ ಕೂರಿಸಿರುತ್ತಾರೆ. ಮುಂದಿನವರನ್ನು ದಾಟಬೇಕಾದರೆ ಒಳಗಿನಿಂದ ನುಗ್ಗಬೇಕು, ಇಲ್ಲವೇ ಹೊರಗಿನಿಂದ ಬಳಸಿ ಬರಬೇಕು. ಎರಡರಲ್ಲೂ ಒಬ್ಬರಿಗೊಬ್ಬರು ತಾಗುವ ಅಪಾಯವಿದೆ.

ಮಗಳನ್ನು ಶನಿವಾರ ಐಸ್ ರಿಂಕ್‌ಗೆ ಕರೆದುಕೊಂಡು ಹೋಗುತ್ತೇನೆ. ಒಂದು ದಿನ ಅಲ್ಲಿ ಶಾರ್ಟ್ ಟ್ರ್ಯಾಕ್ ಹುಡುಗರು ಅಭ್ಯಾಸ ಮಾಡುತ್ತಿದ್ದರು. ಟೀವಿಯಲ್ಲಿ ನೋಡಿದರೆ ಸುಮ್ನೆ ಜಾರಿಕೊಂಡು ಹೋದ ಹಾಗೆ ಕಾಣುತ್ತದೆ. ತಿರುವಿನ ಪಕ್ಕದಲ್ಲೇ ನಿಂತರೆ ಬ್ಲೇಡು ಐಸನ್ನು ಕೊರೆಯುವ ಸದ್ದು ಕೇಳುತ್ತದೆ. ಗರಗಸದ ಸದ್ದಿನ ಹಾಗಿತ್ತು. ಆ ಬ್ಲೇಡು ಮನುಷ್ಯರ ಮೈಗೆ ತಗುಲಿದರೆ ಏನಾದೀತು ಅಂತ ಅವತ್ತೇ ಭಯವಾಯಿತು. ಬ್ರಾಡ್‌ಬರಿ ಅವರಿಗೆ ಅದು ತಗುಲಿತ್ತು.

ಅವರು ಹುಟ್ಟಿದ್ದು 1973ರಲ್ಲಿ. 1991ರಲ್ಲಿ ಸಿಡ್ನಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಸ್ಟ್ರೇಲಿಯಾದ ರಿಲೇ ತಂಡ ಚಿನ್ನ ಗೆದ್ದಾಗ ಆ ತಂಡದಲ್ಲಿದ್ದರು. ಆಗ ಅವರಿಗೆ ಹದಿನೇಳು. ಇಲ್ಲಿ ಒಂದು ಮಾತು: ಆಸ್ಟ್ರೇಲಿಯಾದಲ್ಲಿ ಐಸ್ ಆಟ ಅಂದರೆ ಇವತ್ತಿಗೂ ಕೆಲವೇ ಕೆಲವರ ಹುಚ್ಚು. ಕ್ರಿಕೆಟ್, ಫುಟಿ (ಇಲ್ಲಿನ ಫುಟ್‌ಬಾಲ್), ಈಜು ದಾಟಿ ಜನರ ಕಣ್ಣು ಅಲ್ಲಿಗೆ ಹೋಗುವುದು ಕಷ್ಟ. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ಗೆ ಅವರು ಹೋದರೂ ರಿಸರ್ವ್ ಆಗಿಯೇ ಉಳಿದರು. 1994ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರ್ ಕೂಟ. ಅಲ್ಲಿ ರಿಲೇಯಲ್ಲಿ ಕಂಚು ಬಂತು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಸಿಕ್ಕ ಮೊಟ್ಟಮೊದಲ ಪದಕ ಅದು.

ಆ ಕಂಚು ಹೇಗೆ ಬಂತು ಅನ್ನುವುದನ್ನು ದಯವಿಟ್ಟು ಗಮನಿಸಿ. ಫೈನಲ್‌ನಲ್ಲಿ ನಾಲ್ಕು ತಂಡ. ಏನೇ ಆದರೂ ಬೀಳದೆ ರೇಸ್ ಮುಗಿಸಬೇಕು ಅನ್ನುವುದು ಆಸ್ಟ್ರೇಲಿಯಾದವರ ಲೆಕ್ಕ. ಕೆನಡಾ ತಂಡ ಬಿತ್ತು, ಇವರು ನಿಂತರು. ನೀವು ರೀಲ್‌ನಲ್ಲಿ ನೋಡಿದ್ದಕ್ಕೆ ಎಂಟು ವರ್ಷ ಮುಂಚೆಯೇ ಬ್ರಾಡ್‌ಬರಿ ಈ ಪಾಠ ಕಲಿತಿದ್ದರು.

ಅದೇ ಕೂಟದಲ್ಲಿ ಅವರು 1000 ಮೀಟರ್ ಗೆಲ್ಲಬಲ್ಲವರಲ್ಲಿ ಒಬ್ಬರು ಅಂತ ಜನ ಎಣಿಸಿದ್ದರು. ಬೇರೆಯವರೊಂದಿಗೆ ಡಿಕ್ಕಿಯಾಗಿ ಬೇಗನೇ ಹೊರಬಿದ್ದರು. ಆಗ ಅವರ ಕಾಲಲ್ಲಿ ವೇಗವಿತ್ತು, ಅದೃಷ್ಟ ಇರಲಿಲ್ಲ. ಅದರ ರೀಲ್ ಯಾರೂ ಮಾಡಿಲ್ಲ.

ಅದೇ ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿ ವಿಶ್ವಕಪ್ ರೇಸ್ ನಡೆಯುತ್ತಿತ್ತು. ಡಿಕ್ಕಿಯಲ್ಲಿ ಇನ್ನೊಬ್ಬ ಸ್ಕೇಟರ್‌ನ ಬ್ಲೇಡು ಬ್ರಾಡ್‌ಬರಿ ಅವರ ತೊಡೆಯನ್ನು ಸೀಳಿತು. ಸುಮಾರು ನಾಲ್ಕು ಲೀಟರ್ ರಕ್ತ ಹೋಯಿತು. ದೊಡ್ಡವರ ಮೈಯಲ್ಲಿ ಇರುವುದೇ ಐದು ಲೀಟರ್ ಆಸುಪಾಸು. ತೊಡೆಗೆ 111 ಹೊಲಿಗೆ ಬಿತ್ತು. ಒಂದು ಸುತ್ತಿನ ಉದ್ದವೂ 111 ಮೀಟರ್, ಅಲ್ವಾ? ಆ ಎರಡು ಸಂಖ್ಯೆ ನನ್ನ ತಲೆಯಲ್ಲಿ ಒಟ್ಟಿಗೇ ಅಂಟಿಕೊಂಡಿವೆ. ಕಾಲಿಗೆ ಮೊದಲಿನ ಬಲ ಬರಲು ಒಂದೂವರೆ ವರ್ಷ ಹಿಡಿಯಿತು.

1998ರ ನಾಗಾನೊದಲ್ಲಿ ಪದಕ ಬರಲಿಲ್ಲ.

2000ದ ಸೆಪ್ಟೆಂಬರ್‌ನಲ್ಲಿ, ಅಭ್ಯಾಸದ ಹೊತ್ತಲ್ಲಿ, ಮುಂದಿದ್ದವರು ಬಿದ್ದರು. ಬಿದ್ದವರ ಮೇಲಿಂದ ಹಾರಲು ಬ್ರಾಡ್‌ಬರಿ ನೋಡಿದರು, ಆಗಲಿಲ್ಲ. ತಲೆ ಮುಂದಾಗಿ ತಡೆಗೋಡೆಗೆ ಹೋಗಿ ಬಡಿದರು. ಕತ್ತಿನ ಎರಡು ಮೂಳೆ ಮುರಿಯಿತು. ತಲೆಬುರುಡೆಗೆ ಸ್ಕ್ರೂ ಹಾಕಿ, ಕತ್ತು ಅಲುಗದಂತೆ ಲೋಹದ ಚೌಕಟ್ಟು ಕಟ್ಟಿ ಒಂದೂವರೆ ತಿಂಗಳು ಇಟ್ಟಿದ್ದರು. ಇನ್ನು ಸ್ಕೇಟಿಂಗ್ ಸಾಧ್ಯವಿಲ್ಲ ಅಂತ ವೈದ್ಯರು ಹೇಳಿದರು. ಅದಾಗಿ ಒಂದೂವರೆ ವರ್ಷ ತುಂಬುವ ಮೊದಲೇ ಅವರು ಸಾಲ್ಟ್ ಲೇಕ್ ಸಿಟಿಯಲ್ಲಿ ಗೆರೆಯ ಹಿಂದೆ ನಿಂತಿದ್ದರು. ನಾಲ್ಕನೇ ಒಲಿಂಪಿಕ್ಸ್, ವಯಸ್ಸು 28.

ಈ ನಡುವೆ ಅವರು ಸ್ಕೇಟಿಂಗ್ ಬೂಟು ತಯಾರಿಸುವ ಕೆಲಸವನ್ನೂ ಮಾಡುತ್ತಿದ್ದರು. ಅಮೆರಿಕದ ಅಪೊಲೊ ಓನೊ ಗೆಲ್ಲುತ್ತಾನೆ, ಬೂಟಿಗೆ ಹೆಸರು ಬರುತ್ತದೆ ಅಂತ ಅವನಿಗೂ ಒಂದು ಜೊತೆ ಕೊಟ್ಟಿದ್ದರು. ಚಿನ್ನ ಯಾರಿಗೆ ಹೋಗುತ್ತದೆ ಅನ್ನುವ ಬಗ್ಗೆ ಅವರಿಗೆ ಭ್ರಮೆಯೇನೂ ಇರಲಿಲ್ಲ.

2002ರ ಫೆಬ್ರವರಿ 16. ಅದೇ ಸಂಜೆ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರೂ ಇದ್ದವು. ಕ್ವಾರ್ಟರ್ ಫೈನಲ್‌ನಲ್ಲಿ ಅವರ ಜೊತೆ ಓನೊ ಇದ್ದ, ಕೆನಡಾದ ಮಾರ್ಕ್ ಗ್ಯಾನ್ಯೋನ್ ಇದ್ದ. ಇಬ್ಬರು ಮಾತ್ರ ಮುಂದೆ ಹೋಗಬಹುದು. ಬ್ರಾಡ್‌ಬರಿ ಮೂರನೆಯವರಾದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅಡ್ಡಿಪಡಿಸಿದ ಕಾರಣಕ್ಕೆ ಗ್ಯಾನ್ಯೋನ್‌ರನ್ನು ತೀರ್ಪುಗಾರರು ಅನರ್ಹಗೊಳಿಸಿದರು. ಇದು ಶುದ್ಧ ಅದೃಷ್ಟ, ಇದರಲ್ಲಿ ನನಗೆ ವಾದವೇ ಇಲ್ಲ.

ಮುಂದೆ ಏನು ಮಾಡಬೇಕು ಅಂತ ಕೋಚ್ ಆನ್ ಜಾಂಗ್ ಜೊತೆ ಕೂತು ಯೋಚಿಸಿದರು. ತನಗಿಂತ ಉಳಿದವರು ವೇಗ, ಜೊತೆಗೆ ಒಂದಾದ ಮೇಲೊಂದು ರೇಸ್ ಓಡುವ ಶಕ್ತಿ ತನ್ನ ಕಾಲಿಗಿಲ್ಲ. ಗುಂಪಿನ ಮಧ್ಯೆ ನುಗ್ಗಿದರೂ ಕೊನೆಯ ಸ್ಥಾನವೇ ಗತಿ. ಹಾಗಾದರೆ ಹಿಂದೆಯೇ ಇರೋಣ, ಮುಂದಿನವರು ಒಬ್ಬರಿಗೊಬ್ಬರು ಸಿಕ್ಕಿಕೊಂಡರೆ ದಾರಿ ತೆರೆಯುತ್ತದೆ. ಇದನ್ನು ಅವರು ಗೆದ್ದ ಮೇಲೆ ಮುಚ್ಚುಮರೆಯಿಲ್ಲದೆ ಹೇಳಿದರು. ಸೆಮಿಫೈನಲ್‌ನಲ್ಲಿ ಅದು ಹಾಗೇ ನಡೆಯಿತು. ನಾಗಾನೊದಲ್ಲಿ ಇದೇ ರೇಸ್ ಗೆದ್ದಿದ್ದ ಕೊರಿಯಾದ ಕಿಮ್ ಡಾಂಗ್-ಸಂಗ್ ಸೇರಿದಂತೆ ಮುಂದಿದ್ದವರು ಬಿದ್ದರು, ಹಿಂದಿದ್ದ ಇವರು ಫೈನಲ್ ಸೇರಿದರು.

ಫೈನಲ್‌ನಲ್ಲಿ ಐದು ಜನ. ಓನೊ, ಚೀನಾದ ಲಿ ಜಿಯಾಜುನ್, ಕೊರಿಯಾದ ಆನ್ ಹ್ಯುನ್-ಸೂ, ಕೆನಡಾದ ಮ್ಯಾಥ್ಯೂ ಟರ್ಕಾಟ್, ಬ್ರಾಡ್‌ಬರಿ. ಈ ಹೆಸರುಗಳು ಸಾಮಾನ್ಯವಲ್ಲ. ಓನೊ ಮುಂದೆ ಒಟ್ಟು ಎಂಟು ಒಲಿಂಪಿಕ್ ಪದಕ ಗೆದ್ದ. ಆಗಿನ್ನೂ ಹದಿನಾರರ ಹುಡುಗ ಆನ್ 2006ರಲ್ಲಿ ಮೂರು ಚಿನ್ನ ಗೆದ್ದು, ಆಮೇಲೆ ರಷ್ಯಾಕ್ಕೆ ಹೋಗಿ ವಿಕ್ಟರ್ ಆನ್ ಎಂಬ ಹೆಸರಲ್ಲಿ 2014ರಲ್ಲಿ ಇನ್ನೂ ಮೂರು ಗೆದ್ದ. ಲಿ ಜಿಯಾಜುನ್‌ಗೆ ಮಾತ್ರ ಒಲಿಂಪಿಕ್ ಚಿನ್ನ ಕೊನೆಗೂ ದಕ್ಕಲಿಲ್ಲ. ಅವರನ್ನು ನೆನೆದಾಗೆಲ್ಲ ನನಗೆ ಬೇಸರವಾಗುತ್ತದೆ.

ಕೊನೆಯ ತಿರುವು. ಲಿ ಹೊರಗಿನಿಂದ ಓನೊನನ್ನು ದಾಟಲು ಹೋಗಿ ಆಯ ತಪ್ಪಿದರು. ಅದೇ ಕ್ಷಣ ಆನ್ ಒಳಗೆ ನುಗ್ಗಿದ. ಆನ್, ಓನೊ, ಟರ್ಕಾಟ್ ಒಬ್ಬರ ಮೇಲೊಬ್ಬರು ಉರುಳಿ ಗೋಡೆಗೆ ಹೋದರು. ಬ್ರಾಡ್‌ಬರಿ ಸುಮಾರು 15 ಮೀಟರ್ ಹಿಂದಿದ್ದರು. ಮೂರು ಮೀಟರ್ ಹಿಂದಿದ್ದಿದ್ದರೆ ಅವರೂ ಆ ರಾಶಿಯಲ್ಲಿ ಇರುತ್ತಿದ್ದರು. ರೀಲ್ ನೋಡಿದವರು "ಅಷ್ಟು ಹಿಂದೆ ಇದ್ದರಲ್ಲ" ಅಂತ ನಗುತ್ತಾರೆ. ಅಷ್ಟು ಹಿಂದೆ ಇದ್ದದ್ದೇ ಅವರ ಲೆಕ್ಕಾಚಾರ. ಓನೊ ತೊಡೆಗೆ ಗಾಯವಾಗಿದ್ದರೂ ಎದ್ದು ಮೈಯನ್ನು ಗೆರೆಯಾಚೆ ಎಸೆದು ಬೆಳ್ಳಿ ತೆಗೆದುಕೊಂಡ. ಟರ್ಕಾಟ್‌ಗೆ ಕಂಚು. ಆಸ್ಟ್ರೇಲಿಯಾಕ್ಕಷ್ಟೇ ಅಲ್ಲ, ಇಡೀ ದಕ್ಷಿಣಾರ್ಧ ಗೋಳಕ್ಕೆ ಚಳಿಗಾಲದ ಒಲಿಂಪಿಕ್ಸ್‌ನ ಮೊದಲ ಚಿನ್ನ ಅದು.

ಬೇರೆಯವರು ಬೀಳುವುದನ್ನೇ ನಂಬಿಕೊಂಡರೆ ಅದು ಅದೃಷ್ಟವೇ ಅಲ್ಲವಾ ಅಂತ ನೀವು ಕೇಳಬಹುದು. ನಾಲ್ವರೂ ಬಿದ್ದದ್ದು ಅದೃಷ್ಟವೇ. ಒಬ್ಬಿಬ್ಬರು ಬಿದ್ದರೆ ಪದಕ ಬಂದೀತು ಅಂತ ಅವರು ಎಣಿಸಿದ್ದರು, ಚಿನ್ನವನ್ನು ಎಣಿಸಿರಲಿಲ್ಲ. ಆದರೆ ಲೇನ್ ಇಲ್ಲದ ಆಟದಲ್ಲಿ ನಿಂತಿರುವುದೂ ಕಲೆಯೇ. ಎಷ್ಟು ಅಂತರ ಇಟ್ಟರೆ ಅಪಘಾತದಿಂದ ಪಾರಾಗಬಹುದು ಅನ್ನುವುದು ಬಿದ್ದೂ ಬಿದ್ದೂ ಕಲಿತವರಿಗೇ ಗೊತ್ತು. ಓಡಿದ ಒಂದೂವರೆ ನಿಮಿಷಕ್ಕೆ ಸಿಕ್ಕ ಪದಕ ಅಂತ ತೆಗೆದುಕೊಳ್ಳುವುದಿಲ್ಲ, ಹತ್ತು ವರ್ಷದ ದುಡಿಮೆಗೆ ಸಿಕ್ಕದ್ದು ಅಂದುಕೊಳ್ಳುತ್ತೇನೆ ಅಂತ ಅವರೇ ಹೇಳಿದ್ದಾರೆ. ನನಗೆ ಅದರಲ್ಲಿ ಒಂದಕ್ಷರವೂ ಜಾಸ್ತಿ ಅನ್ನಿಸುವುದಿಲ್ಲ. ಕೊಂಬೆ ಮುರಿದದ್ದು ನಿಜ. ಆ ಕಾಗೆ ಹತ್ತು ವರ್ಷದಿಂದ, ಎರಡು ಸಲ ಪ್ರಾಣಕ್ಕೆ ಬಂದರೂ, ಅದೇ ಮರಕ್ಕೆ ಮರಳಿ ಬರುತ್ತಿತ್ತು.

ಆ ಕೂಟದ ನಂತರ ಅವರು ನಿವೃತ್ತರಾದರು. ಆಸ್ಟ್ರೇಲಿಯಾ ಅವರ ಅಂಚೆಚೀಟಿ ತಂದಿತು. 2022ರಲ್ಲಿ ಇದೇ ಕ್ವೀನ್ಸ್‌ಲ್ಯಾಂಡ್‌ನ ಕಲೌಂಡ್ರಾ ಕಡಲತೀರದಲ್ಲಿ ನಾಲ್ವರು ಹುಡುಗಿಯರು ಸೆಳೆತಕ್ಕೆ ಸಿಕ್ಕಿದ್ದರು. ಬ್ರಾಡ್‌ಬರಿ ಸರ್ಫ್ ಬೋರ್ಡ್ ಹಿಡಿದು ನೀರಿಗೆ ಹೋಗಿ ಅವರನ್ನು ಉಳಿಸಿದರು. ಅದಕ್ಕೆ ಮರುವರ್ಷ ಶೌರ್ಯದ ಗೌರವವೂ ಸಿಕ್ಕಿತು. ಊರಿನವರು ಇದನ್ನೂ ಅಷ್ಟೇ ಜೋರಾಗಿ ಹೇಳಬೇಕು ಅಂತ ನನ್ನ ಆಸೆ.

ಸಾಧ್ಯವಾದರೆ ರೀಲ್ ಬಿಟ್ಟು ಪೂರ್ತಿ ರೇಸ್ ನೋಡಿ. ಮುಂದಿನ ನಾಲ್ವರ ಮೇಲಿಂದ ಕಣ್ಣು ತೆಗೆದು, ಮೊದಲ ಸುತ್ತಿನಿಂದಲೇ ಅವರೊಬ್ಬರನ್ನೇ ಹಿಂಬಾಲಿಸಿ. ಗೆರೆ ದಾಟಿ ಕೈ ಎತ್ತುವಾಗ ಅವರ ಮುಖದಲ್ಲಿ ನಗುವಿಗಿಂತ ಬೆರಗೇ ಜಾಸ್ತಿ ಇದೆ. ರೇಸ್ ಮತ್ತೆ ಓಡಿಸುತ್ತಾರೇನೋ ಅನ್ನುವ ಅನುಮಾನ ಆಗ ಅವರಿಗಿನ್ನೂ ಇತ್ತು.