ಪ್ಲಾಸ್ಟಿಕ್ ಬಕೆಟ್‌ಗೆ ಯಾವ ಅಂಟೂ ಯಾಕೆ ಹಿಡಿಯಲ್ಲ?

ಪಿವಿಸಿ ಪೈಪು ಗಮ್ ಹಚ್ಚಿ ಅರ್ಧ ನಿಮಿಷ ಅದುಮಿದರೆ ಕಚ್ಚಿಕೊಳ್ಳುತ್ತೆ, ಸೀಳಿದ ಬಕೆಟ್‌ಗೆ ಮಾತ್ರ ಫೆವಿಕ್ವಿಕ್, ಎಪಾಕ್ಸಿ (ಎರಡು ಟ್ಯೂಬ್ ಬೆರೆಸಿ ಹಚ್ಚೋ ಅಂಟು), ಅದೇ ಪೈಪಿನ ಗಮ್ ಯಾವುದೂ ನಿಲ್ಲಲ್ಲ, ಯಾಕೆ ಅಂತ ಕೇಳಿದ್ದೀರಿ.

ಬಕೆಟ್ ಬೋರಲು ಹಾಕಿ ತಳ ನೋಡಿ. ತ್ರಿಕೋನದೊಳಗೆ 5 ಇದ್ದರೆ ಪಾಲಿಪ್ರೊಪಿಲೀನ್, 2 ಇದ್ದರೆ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್) ಅನ್ನೋ ಪ್ಲಾಸ್ಟಿಕ್. ಎರಡರಲ್ಲೂ ಇರೋದು ಬರೀ ಇಂಗಾಲ, ಹೈಡ್ರೋಜನ್. ಅಂಟಿನ ಅಣುಗಳು ಹಿಡಿದುಕೊಳ್ಳೋಕೆ ಒಂದು ಧ್ರುವೀಯ ಗುಂಪೂ (ಒಂದು ಬದಿ ತುಸು ಧನ, ಇನ್ನೊಂದು ಬದಿ ತುಸು ಋಣ ವಿದ್ಯುತ್ ಇರೋ ಪರಮಾಣುಗಳ ಗುಂಪು) ಇಲ್ಲ. ನೀರು ಹನಿಸಿದರೆ ಕೆಸುವಿನ ಎಲೆಯಷ್ಟಲ್ಲದಿದ್ದರೂ ಗುಂಡಗೇ ನಿಲ್ಲುತ್ತೆ. ಪಾಲಿಪ್ರೊಪಿಲೀನ್‌ನ ಮೇಲ್ಮೈ ಶಕ್ತಿ, ಅಂದರೆ ದ್ರವವನ್ನು ತನ್ನ ಮೇಲೆ ಹರಡಿಸೋ ಸೆಳೆತ, ಮೀಟರಿಗೆ ಸುಮಾರು 30 ಮಿಲಿನ್ಯೂಟನ್. ಹಸಿ ಎಪಾಕ್ಸಿಯ ಮೇಲ್ಮೈ ಎಳೆತ, ಅಂದರೆ ದ್ರವ ತನ್ನನ್ನೇ ಒಟ್ಟಿಗೆ ಹಿಡಿದುಕೊಳ್ಳೋ ಬಲ, 45ರ ಆಸುಪಾಸು. ದ್ರವದ್ದು ಹೆಚ್ಚಿದ್ದಾಗ ಅದು ಹರಡದೆ ಮುದುಡಿಕೊಳ್ಳುತ್ತೆ. ಕಿತ್ತು ಬಂದ ಎಪಾಕ್ಸಿ ಚಕ್ಕೆಯ ಹಿಂಬದಿಯನ್ನು ಬೆಳಕಿಗೆ ಹಿಡಿಯಿರಿ: ನುಣ್ಣಗೆ ಹೊಳೀತಾ, ಬಕೆಟ್‌ನ ಗೀರುಗಳ ಅಚ್ಚೂ ಮೂಡಿರುತ್ತೆ. ಚಕ್ಕೆ ಗಟ್ಟಿಯಾಗೇ ಇದೆ, ಬಕೆಟ್ಟನ್ನು ಹಿಡಿದಿರಲೇ ಇಲ್ಲ.

ಪೈಪಿಗೆ ಹಚ್ಚೋದನ್ನ ಎಲ್ಲರೂ ಗಮ್ ಅಂತಾರೆ, ಕೆಲಸ ಬೇರೆಯೇ. ಅದರಲ್ಲಿರುವ ಟೆಟ್ರಾಹೈಡ್ರೋಫ್ಯುರಾನ್, ಸೈಕ್ಲೋಹೆಕ್ಸನೋನ್ ಥರದ ದ್ರಾವಕಗಳು ಪಿವಿಸಿಯ ಮೇಲ್ಪದರವನ್ನೇ ಕರಗಿಸುತ್ತವೆ. ಎರಡೂ ಕಡೆಯ ಸರಪಳಿಗಳು (ಪ್ಲಾಸ್ಟಿಕ್‌ನ ಉದ್ದನೆಯ ಅಣುಗಳು) ಒಂದರೊಳಗೊಂದು ಸೇರಿ, ದ್ರಾವಕ ಆರಿದ ಮೇಲೆ ಒಂದೇ ತುಂಡಾಗುತ್ತೆ. ಪಾಲಿಪ್ರೊಪಿಲೀನ್ ಇವಕ್ಕೆ ಜಗ್ಗಲ್ಲ.

ಬಕೆಟ್‌ನಲ್ಲೂ ಸರಪಳಿ ಬೆರೆಸಬಹುದು, ಕಾಯಿಸಬೇಕು ಅಷ್ಟೇ. ನಾನಾದರೆ ಅಂಟಿನ ಗೋಜಿಗೇ ಹೋಗದೆ ಬೆಸುಗೆ ಹಾಕ್ತೀನಿ. ಸೀಳಿನ ಕೊನೆಯಲ್ಲಿ 3 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಸೀಳು ಮುಂದಕ್ಕೆ ಓಡುತ್ತೆ. ಸೀಳಿನುದ್ದಕ್ಕೂ ಅರ್ಧ ದಪ್ಪದವರೆಗೆ ಚಾಕುವಿನಿಂದ ಇಳಿಜಾರಾಗಿ ಕೆತ್ತಿ. ಅದೇ ನಂಬರಿನ ಹಳೇ ಮುಚ್ಚಳದಿಂದ 5 ಮಿ.ಮೀ. ಪಟ್ಟಿ ಕತ್ತರಿಸಿಕೊಳ್ಳಿ, 2ಕ್ಕೆ 5 ಬೆರೆಯಲ್ಲ, ತಣ್ಣಗಾದ ಮೇಲೆ ಸಿಪ್ಪೆಯಂತೆ ಏಳುತ್ತೆ. ಸೋಲ್ಡರಿಂಗ್ ಐರನ್‌ನಿಂದ ಪಟ್ಟಿಯನ್ನೂ ಎರಡೂ ಅಂಚುಗಳನ್ನೂ ಒಟ್ಟಿಗೆ ಕರಗಿಸಿ. ಪಟ್ಟಿ ಮಾತ್ರ ಕರಗಿ ಮೇಲೆ ಕೂತರೆ ಅದು ಮತ್ತೆ ಅಂಟು ಹಚ್ಚಿದ ಹಾಗೇ. ಪಾಲಿಪ್ರೊಪಿಲೀನ್ 160 ಡಿಗ್ರಿ ಸುಮಾರಿಗೆ ಕರಗುತ್ತೆ, ಐರನ್ ತುದಿ 300 ದಾಟಿರುತ್ತೆ, ಹಾಗಾಗಿ ಒಂದೇ ಕಡೆ ಒತ್ತಿ ಹಿಡೀಬೇಡಿ. ಹೊಗೆ ಎದ್ದರೆ ಸುಡ್ತಾ ಇದೆ ಅಂತ. ಮುಗಿದ ಮೇಲೆ ನೀರು ಸುರಿಯದೆ ತಾನಾಗಿ ಆರಲು ಬಿಡಿ. ಕಿಟಕಿ ತೆಗೆದಿರಲಿ. ಪಿವಿಸಿಗೆ ಈ ಕೆಲಸ ಬೇಡವೇ ಬೇಡ, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತೆ.

ಅಂಟೇ ಬೇಕು ಅಂದರೆ ಬ್ಲೋ ಟಾರ್ಚ್‌ನ ನೀಲಿ ಜ್ವಾಲೆಯ ತುದಿಯನ್ನು ಮೇಲ್ಮೈ ಮೇಲೆ ಸರಕ್ಕನೆ ಒಮ್ಮೆ ಆಡಿಸಿ. ಮೇಲ್ಪದರಕ್ಕೆ ಆಮ್ಲಜನಕ ಸೇರಿಕೊಳ್ಳುತ್ತೆ, ಆಗ ಹಾಕಿದ ನೀರು ಹನಿಯಾಗದೆ ಪೊರೆಯಂತೆ ಹರಡುತ್ತೆ. ಒರೆಸಿ, ಕೈ ತಾಗಿಸದೆ, ಆಗಲೇ ಎಪಾಕ್ಸಿ ಹಚ್ಚಿ. ಲೈಟರ್‌ನ ಹಳದಿ ಜ್ವಾಲೆ ಮಸಿ ಕೂರಿಸುತ್ತೆ ಅಷ್ಟೇ. ಮುಚ್ಚಳ, ಬುಟ್ಟಿಗೆ ಇದು ಸಾಕು; ನೀರಿನ ಭಾರ ಹೊರುವ ತಳಕ್ಕೆ ನಾನು ನೆಚ್ಚಲ್ಲ.

ವರ್ಷಗಟ್ಟಲೆ ಬಿಸಿಲಲ್ಲಿದ್ದು, ಉಗುರಲ್ಲಿ ಕೆರೆದರೆ ಪುಡಿ ಉದುರುವ ಬಕೆಟ್ಟಾದರೆ ಸರಪಳಿಗಳೇ ತುಂಡಾಗಿರುತ್ತವೆ. ಬೆಸುಗೆಯ ಪಕ್ಕದಲ್ಲೇ ಹೊಸ ಸೀಳು ಬಿಡುತ್ತೆ.