ಮೊಮ್ಮಗಳ ಕಸ್ಟಡಿ ಕೇಸಿನಲ್ಲಿ ಅಜ್ಜ-ಅಜ್ಜಿ ಏನು ಮಾಡಬಹುದು?

ಮಗ-ಸೊಸೆ ಬೇರೆಯಾಗಿದ್ದಾರೆ, ನಾಲ್ಕು ವರ್ಷದ ಮೊಮ್ಮಗಳು ಸೊಸೆಯ ಹತ್ತಿರ ಇದ್ದಾಳೆ, ಅವಳಿಗಾಗಿ ನಾವೇ ಕೇಸ್ ಹಾಕಬಹುದಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ನಡೆದಿದೆ. ನಾನು ವಕೀಲೆ ಅಲ್ಲ, ಅಜ್ಜಿ ಅಷ್ಟೇ.

ಹಾಕಬಹುದು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲಿ ಮಗುವಿನ ನೆಂಟರಿಗೂ ಅರ್ಜಿ ಹಾಕೋಕೆ ಅವಕಾಶ ಇದೆ. ಆದರೆ ಹೆತ್ತವರಿಬ್ಬರೂ ಇದ್ದು, ಮಗುವನ್ನು ಚೆನ್ನಾಗಿ ನೋಡಿಕೊಳ್ಳುತ್ತಿರುವಾಗ ನಮ್ಮ ಅರ್ಜಿಗೆ ಜಾಸ್ತಿ ತೂಕ ಇರಲ್ಲ. 2022ರಲ್ಲಿ ಸುಪ್ರೀಂ ಕೋರ್ಟು ಒಬ್ಬ ಹುಡುಗನನ್ನು ಅವನ ಅಪ್ಪನ ತಂದೆ-ತಾಯಿಗೆ ಒಪ್ಪಿಸಿತ್ತು. ನೆಂಟರೆಲ್ಲ ನಮಗೂ ಅದನ್ನೇ ತೋರಿಸಿದರು. ಆದರೆ ಆ ಹುಡುಗನ ಅಪ್ಪ-ಅಮ್ಮ ಇಬ್ಬರೂ ಕೋವಿಡ್‌ನಲ್ಲಿ ತೀರಿಕೊಂಡಿದ್ದರು. ನಿಮ್ಮ ವಿಷಯ ಬೇರೆ, ಅಲ್ವಾ?

ನೀವು ಹಿಂದೂಗಳಾದರೆ ಇನ್ನೊಂದು ತಿಳಿದಿರಲಿ. 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಕಾಯ್ದೆ ಪ್ರಕಾರ ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು. ಹಾಗಂತ ಅದೇ ಕೊನೆ ಮಾತಲ್ಲ, ಕೋರ್ಟು ಎಲ್ಲಕ್ಕಿಂತ ಮೊದಲು ನೋಡೋದು ಮಗುವಿನ ಒಳಿತನ್ನು. ಸದ್ಯಕ್ಕೆ ನಿಮ್ಮ ಮಗ ಭೇಟಿಗೆ ಅವಕಾಶ ಕೇಳಲಿ: ವಾರಕ್ಕೊಮ್ಮೆ, ಹಬ್ಬಕ್ಕೆ, ಬೇಸಿಗೆ ರಜೆಯಲ್ಲಿ ಕೆಲವು ದಿನ, ನಡುವೆ ವಿಡಿಯೊ ಕಾಲ್. ಕೇಸ್ ಮುಗಿಯಲಿ ಅಂತ ಕಾಯಬೇಕಿಲ್ಲ, ಮಧ್ಯಂತರ ಅರ್ಜಿ ಹಾಕಿದರೆ ಸಾಕು.

ಇನ್ನು ನಮ್ಮ ಕೆಲಸ. ದುಡ್ಡು, ಓಡಾಟ ಹೇಗೋ ಆಗುತ್ತೆ. ಕಷ್ಟ ಇರೋದು ನೆಂಟರ ಬಾಯಿ ಕಟ್ಟೋದರಲ್ಲಿ. ಭೇಟಿಗೆ ಅಂತ ನಮ್ಮ ಮೊಮ್ಮಗಳು ಪುಟ್ಟಿ ಮನೆಗೆ ಬಂದಿದ್ದಳು. ನನ್ನ ನಾದಿನಿ ಅವಳ ಕೈಗೆ ಚಕ್ಕುಲಿ ಕೊಟ್ಟು, "ನಿಂಗೆ ಅಪ್ಪ ಬೇಕಾ, ಅಮ್ಮ ಬೇಕಾ?" ಅಂದುಬಿಟ್ಟಳು. ಮಗು ಚಕ್ಕುಲಿ ತಟ್ಟೆಗೆ ಹಾಕಿ ಎಲ್ಲರ ಮುಖ ನೋಡಿತು. ಯಾರಿಗೆ ಯಾವ ಉತ್ತರ ಇಷ್ಟ ಅಂತ ಹುಡುಕುತ್ತಿತ್ತು, ಪಾಪ. ನಾದಿನಿಯನ್ನು ಅಡುಗೆಮನೆಗೆ ಕರೆದು, "ಇನ್ನೊಂದ್ಸಲ ಹಿಂಗೆ ಕೇಳೋದಾದ್ರೆ ಪುಟ್ಟಿ ಇದ್ದಾಗ ನೀನು ಬರ್ಬೇಡ" ಅಂದೆ. ಸ್ವಲ್ಪ ದಿನ ಮಾತು ಬಿಟ್ಟಳು. ಬಿಡಲಿ.

ಬುದ್ಧಿ ತಿಳಿಯುವ ವಯಸ್ಸಾದ ಮೇಲೆ ಮಗುವಿನ ಇಷ್ಟವನ್ನೂ ಕೋರ್ಟು ಪರಿಗಣಿಸಬಹುದು. ಜಡ್ಜ್ ತಮ್ಮ ಕೋಣೆಗೆ ಕರೆಸಿ ಮಾತಾಡಿಸುವುದೂ ಉಂಟು. ಹೇಳಿಕೊಟ್ಟ ಮಾತನ್ನು ಮಗು ಗಿಳಿಪಾಠದ ಹಾಗೆ ಒಪ್ಪಿಸಿದರೆ ಅವರಿಗೆ ಗೊತ್ತಾಗಲ್ವಾ? ಅದು ನಿಮ್ಮ ಮಗನಿಗೇ ತಿರುಗುಬಾಣ.

ಹಾಗೇ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಸೊಸೆಯನ್ನು ಬೈಯಬೇಡಿ. ಇಂಥ ಮೆಸೇಜು ಪ್ರಿಂಟಾಗಿ ಎದುರು ಪಾರ್ಟಿಯ ಫೈಲಿಗೆ ಸೇರಿಕೊಳ್ಳುತ್ತೆ. ಸ್ಕೂಲ್ ಫೀಸಿನ ರಸೀದಿ, ಲಸಿಕೆ ಕಾರ್ಡಿನ ಜೆರಾಕ್ಸ್ ಎಲ್ಲ ಒಂದು ಕಡೆ ಜೋಡಿಸಿಡಿ. ಗಂಡಸರು ಕೋರ್ಟ್ ಡೇಟಿನ ಹಿಂದಿನ ರಾತ್ರಿ ಹುಡುಕೋಕೆ ಶುರು ಮಾಡುತ್ತಾರೆ.

ಕೋರ್ಟು ಮೀಡಿಯೇಶನ್‌ಗೆ, ಅಂದರೆ ರಾಜಿ ಮಾತುಕತೆಗೆ ಕಳಿಸಿದರೆ ಮಗನೊಬ್ಬನೇ ಒಳಗೆ ಹೋಗಲಿ. ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ಅಲ್ಲಿ ಬೀಗರು ಸಿಕ್ಕರೆ "ಕಾಫಿ ಆಯ್ತಾ" ಅಂತಾದರೂ ಕೇಳಿ. ನಮ್ಮ ಯಜಮಾನರಿಗೆ ಇದು ಇವತ್ತಿಗೂ ಆಗಲ್ಲ, ಮುಖ ತಿರುಗಿಸುತ್ತಾರೆ. ನಾನು ಮಾತು ಬಿಟ್ಟಿಲ್ಲ. ಪುಟ್ಟಿಗೆ ಜ್ವರ ಬಂದರೆ ಬೀಗಿತ್ತಿ ನನಗೇ ಫೋನ್ ಮಾಡುತ್ತಾರೆ.